ಹರಳು ಬೆಳೆಸಿದ ಯಾನ್ ಚೊಖ್ರಾಲ್ಸ್ಕಿ

ಲೋಕದಲ್ಲಿ ಕೆಲವರು ಬದುಕಿರುವಾಗಲೇ ಹೆಸರುವಾಸಿಗಳಾಗುತ್ತಾರೆ. ಇನ್ನು ಕೆಲವರ ಕೀರ್ತಿ ಅವರು ಕಣ್ಮರೆಯಾದ ಬಳಿಕ ಬೆಳಗುತ್ತದೆ. ಮೂರನೆಯ ಒಂದು ವರ್ಗವೂ ಉಂಟು. ಇವರ ಹೆಸರು ದೇಶವಿದೇಶಗಳ ವಿಜ್ಞಾನಗ್ರಂಥಗಳಲ್ಲೆಲ್ಲ ಅಚ್ಚಾಗುತ್ತಿರುತ್ತದೆ; ಹುಟ್ಟೂರಿನ ಸಮಾಧಿಯ ಕಲ್ಲಿನ ಮೇಲೆ ಮಾತ್ರ ಅದಕ್ಕೆ ಎಡೆ ಇರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ನಮ್ಮ ಗಾದೆ ಇಂಥವರನ್ನು ಕಂಡೇ ಹುಟ್ಟಿರಬೇಕು. ಪೋಲೆಂಡ್ ದೇಶದ ಯಾನ್ ಚೊಖ್ರಾಲ್ಸ್ಕಿ ಈ ಮೂರನೆಯ ವರ್ಗಕ್ಕೆ ಸೇರಿದವರು.

ನಾನು ಚರಿತ್ರೆಯ ವಿದ್ಯಾರ್ಥಿ. ವಿಜ್ಞಾನಿಯೊಬ್ಬರ ಬಾಳನ್ನು ಬರೆಯಲು ಇವನಿಗೇಕೆ ಈ ಉಸಾಬರಿ ಎಂದು ವಿಜ್ಞಾನ ವಿಭಾಗದ ಮಿತ್ರರು ಕೇಳಿಯಾರು. ನಮ್ಮೆಲ್ಲರ ಜೇಬಿನಲ್ಲಿರುವ ಮೊಬೈಲ್ ಫೋನಿನಿಂದ ಹಿಡಿದು ಕಾಲೇಜು ಕಛೇರಿಯ ಕಂಪ್ಯೂಟರಿನವರೆಗೆ ಇಂದಿನ ಯಂತ್ರಗಳ ಹೃದಯದಲ್ಲಿರುವುದು ಸಿಲಿಕಾನ್ ಹರಳಿನ ಒಂದು ಚೂರು. ಆ ಹರಳನ್ನು ಬೆಳೆಸುವ ವಿಧಾನಕ್ಕೆ ಈ ಮಹನೀಯರ ಹೆಸರೇ ನಿಂತಿದೆ. ಇದು ಮೊದಲನೆಯ ಕಾರಣ. ಇವರ ಬಾಳಿನಲ್ಲಿ ಚರಿತ್ರೆಯ ವಿದ್ಯಾರ್ಥಿ ಬಿಡಿಸಬೇಕಾದ ಗಂಟೊಂದಿದೆ ಎಂಬುದು ಎರಡನೆಯದು. ದೇಶದ್ರೋಹಿಯೆಂಬ ಮಾತನ್ನು ಒಮ್ಮೆ ಒಬ್ಬನ ಮೇಲೆ ಎಸೆದರೆ ಅದನ್ನು ತೊಳೆಯಲು ಎಷ್ಟು ಕಾಲ ಬೇಕು? ಇವರ ವಿಷಯದಲ್ಲಿ ಅದಕ್ಕೆ ಅರವತ್ತಾರು ವರ್ಷ ಬೇಕಾಯಿತು.

ಚೊಖ್ರಾಲ್ಸ್ಕಿಯವರು ಹುಟ್ಟಿದ್ದು 1885ನೆಯ ಇಸವಿ ಅಕ್ಟೋಬರ್ 23ರಂದು, ಕ್ತ್ಸಿನಿಯಾ ಎಂಬ ಸಣ್ಣ ಊರಿನಲ್ಲಿ. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. ನೆರೆಯ ಮೂರು ದೊಡ್ಡ ರಾಜ್ಯಗಳು ಅದನ್ನು ಹಂಚಿಕೊಂಡು 1795ರಲ್ಲಿಯೇ ಅಳಿಸಿಹಾಕಿದ್ದವು. ಕ್ತ್ಸಿನಿಯಾ ಪ್ರಷ್ಯದ ಪಾಲಿಗೆ ಬಂದಿತ್ತು. ತಂದೆ ಬಡಗಿ, ಮನೆಯ ತುಂಬ ಮಕ್ಕಳು, ಯಾನ್ ಎಂಟನೆಯವರು. ಊರಿನಲ್ಲಿಯೇ ಇದ್ದ ಶಿಕ್ಷಕರ ತರಬೇತಿ ಶಾಲೆಯಲ್ಲಿ ಓದಿದರು. ಅಲ್ಲಿ ಕೊಟ್ಟ ಅಂಕಗಳು ನ್ಯಾಯವಾದುವಲ್ಲವೆಂದು ಸಿಟ್ಟಾಗಿ ಪ್ರಮಾಣಪತ್ರವನ್ನು ಹರಿದುಹಾಕಿದರೆಂದೂ, ಹೆಸರು ಗಳಿಸುವವರೆಗೆ ಊರಿಗೆ ಕಾಲಿಡುವುದಿಲ್ಲವೆಂದು ಶಪಥ ಮಾಡಿದರೆಂದೂ ಹೇಳುತ್ತಾರೆ. ಈ ಕಥೆ ಎಷ್ಟು ನಿಜವೋ, ಪ್ರಮಾಣಪತ್ರವಿಲ್ಲದ ಹುಡುಗನಿಗೆ ಉಚ್ಚ ಶಿಕ್ಷಣದ ಹೆಬ್ಬಾಗಿಲು ಮುಚ್ಚಿತ್ತು ಎಂಬುದಂತೂ ನಿಜ. ಅವರು ಹಿತ್ತಲ ಬಾಗಿಲಿನಿಂದ ಒಳಹೊಕ್ಕರು. ಔಷಧದ ಅಂಗಡಿಗಳಲ್ಲಿ ಕೆಲಸ ಮಾಡುತ್ತ ರಸಾಯನಶಾಸ್ತ್ರವನ್ನು ಸ್ವಂತವಾಗಿ ಕಲಿತರು.

1904ರಲ್ಲಿ ಅವರು ಬರ್ಲಿನ್ನಿಗೆ ಬಂದರು. ಅಲ್ಲಿಯೂ ಮೊದಲು ಔಷಧಶಾಲೆ, ಆಮೇಲೆ ಒಂದು ರಾಸಾಯನಿಕ ಕಂಪೆನಿಯ ಪ್ರಯೋಗಶಾಲೆ. 1907ರಲ್ಲಿ ಎ.ಇ.ಜಿ. ಎಂಬ ದೊಡ್ಡ ವಿದ್ಯುತ್ ಕಂಪೆನಿಯನ್ನು ಸೇರಿದರು. ಅಲ್ಲಿ ಅವರಿಗೆ ಒದಗಿದ ಕೆಲಸ ಲೋಹಗಳದ್ದು. ವಿದ್ಯುತ್ತನ್ನು ಸಾಗಿಸಲು ತಾಮ್ರದ ಬದಲು ಅಲ್ಯೂಮಿನಿಯಂ ಬಳಸಬಹುದೇ, ಲೋಹವನ್ನು ಬಗ್ಗಿಸಿದಾಗ ಅದರ ಒಳಗಿನ ಕಣಗಳಲ್ಲಿ ಏನು ನಡೆಯುತ್ತದೆ ಎಂಬಂಥ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಅವರು ಲೋಹವಿಜ್ಞಾನದಲ್ಲಿ ನುರಿತರು. 1910ರಲ್ಲಿ ಡಚ್ ಮೂಲದ ಪಿಯಾನೋ ವಾದಕಿ ಮಾರ್ಗರೀಟಾ ಹಾಸೆ ಅವರನ್ನು ಮದುವೆಯಾದರು.

ಅವರ ಹೆಸರನ್ನು ಉಳಿಸಿದ ಶೋಧ ನಡೆದದ್ದು 1916ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ. ತವರವೆಂದರೆ ನಮ್ಮವರಿಗೆ ಹೊಸತಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬೀದಿಗೆ ಬಂದರೆ, ಕೆಂಡದ ಮೇಲಿಟ್ಟ ಪಾತ್ರೆಯಲ್ಲಿ ತವರ ಬೆಳ್ಳಿಯಂತೆ ಕರಗಿ ಹರಿಯುವುದನ್ನು ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಆ ಲೋಹ 232 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕರಗುತ್ತದೆ. ಒಂದು ದಿನ ಚೊಖ್ರಾಲ್ಸ್ಕಿಯವರು ಮೇಜಿನ ಮೇಲೆ ಕರಗಿದ ತವರದ ಮೂಸೆಯನ್ನು ಆರಲು ಬಿಟ್ಟು ಟಿಪ್ಪಣಿ ಬರೆಯುತ್ತಿದ್ದರಂತೆ. ಯೋಚನೆಯಲ್ಲಿ ಮುಳುಗಿ ಲೇಖನಿಯನ್ನು ಮಸಿಕುಡಿಕೆಗೆ ಅದ್ದುವ ಬದಲು ತವರದ ಮೂಸೆಗೆ ಅದ್ದಿಬಿಟ್ಟರು. ಥಟ್ಟನೆ ಮೇಲೆತ್ತಿದಾಗ ಲೇಖನಿಯ ತುದಿಯಿಂದ ತವರದ ತೆಳ್ಳನೆಯ ಎಳೆಯೊಂದು ಜೋತುಬಿದ್ದಿತ್ತು. ಸಾಮಾನ್ಯರಾಗಿದ್ದರೆ ಲೇಖನಿಯನ್ನು ಒರೆಸಿ ಕೆಲಸ ಮುಂದುವರಿಸುತ್ತಿದ್ದರು. ಇವರು ಆ ಎಳೆಯನ್ನು ಪರೀಕ್ಷಿಸಿದರು. ಅದು ಉದ್ದಕ್ಕೂ ಒಂದೇ ಹರಳಾಗಿತ್ತು.

ಒಂದೇ ಹರಳು ಎಂದರೇನು? ನಾವು ಕಾಣುವ ಲೋಹದ ತುಂಡುಗಳೆಲ್ಲ ಸಾಮಾನ್ಯವಾಗಿ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳ ರಾಶಿ. ಸಂತೆಯಲ್ಲಿ ನೆರೆದ ಜನರಂತೆ ಒಂದೊಂದು ಒಂದೊಂದು ದಿಕ್ಕಿಗೆ ಮುಖಮಾಡಿರುತ್ತದೆ. ಒಂದೇ ಹರಳಿನಲ್ಲಾದರೋ ಈ ತುದಿಯಿಂದ ಆ ತುದಿಯವರೆಗೆ ಪರಮಾಣುಗಳು ಕವಾಯತಿಗೆ ನಿಂತ ದಳದಂತೆ ಸಾಲಾಗಿರುತ್ತವೆ. ದ್ರವವನ್ನು ಅದು ಹೆಪ್ಪುಗಟ್ಟುವ ಅಂಚಿನಲ್ಲಿಟ್ಟು, ಅದರ ಮೇಲ್ಮೈಗೆ ಒಂದು ಚಿಕ್ಕ ಹರಳನ್ನು ಮುಟ್ಟಿಸಿ, ನಿಧಾನವಾಗಿ ಮೇಲಕ್ಕೆ ಎಳೆದರೆ, ಅಂಟಿಕೊಂಡು ಬರುವ ದ್ರವದ ಪರಮಾಣುಗಳು ಮೇಲಿನ ಹರಳಿನ ಸಾಲನ್ನೇ ಅನುಸರಿಸಿ ನಿಲ್ಲುತ್ತವೆ. ಪಾಕದಲ್ಲಿ ದಾರ ಇಳಿಬಿಟ್ಟು ಕಲ್ಲುಸಕ್ಕರೆ ಕಟ್ಟುವುದನ್ನು ಬಲ್ಲವರಿಗೆ ಈ ಮಾತು ಅರ್ಧ ಅರ್ಥವಾದಂತೆಯೇ. ಆದರೆ ಕಲ್ಲುಸಕ್ಕರೆಯಲ್ಲಿ ದಾರದ ಸುತ್ತ ಹಲವು ಹರಳುಗಳು ಮನಬಂದಂತೆ ಮೂಡುತ್ತವೆ. ಇಲ್ಲಿ ಬೀಜದ ಹರಳೊಂದು ಆಳುತ್ತದೆ, ಉಳಿದದ್ದೆಲ್ಲ ಅದರ ಮಾತನ್ನು ಕೇಳುತ್ತದೆ.

ಚೊಖ್ರಾಲ್ಸ್ಕಿಯವರಿಗೆ ಆಗ ಬೇಕಾಗಿದ್ದುದು ಹರಳಲ್ಲ, ಒಂದು ಅಳತೆ. ಲೋಹ ಯಾವ ವೇಗದಲ್ಲಿ ಹರಳುಗಟ್ಟುತ್ತದೆ ಎಂಬುದು ಅವರ ಪ್ರಶ್ನೆ. ಹರಳುಗಟ್ಟುವ ವೇಗಕ್ಕಿಂತ ಹೆಚ್ಚು ಬೇಗನೆ ಎಳೆದರೆ ಎಳೆ ಕಡಿದುಹೋಗುತ್ತದೆ. ಕಡಿಯದಂತೆ ಎಳೆಯಬಹುದಾದ ಅತಿ ಹೆಚ್ಚಿನ ವೇಗವೇ ಹರಳುಗಟ್ಟುವ ವೇಗ. ಎಷ್ಟು ಸರಳವಾದ ಉಪಾಯ! ಗಡಿಯಾರದ ಯಂತ್ರದಿಂದ ದಾರವನ್ನು ಸಮವಾಗಿ ಮೇಲೆಳೆದು ಅವರು ತವರ, ಸೀಸ, ಸತುವುಗಳನ್ನು ಪರೀಕ್ಷಿಸಿದರು. 1916ರ ಆಗಸ್ಟಿನಲ್ಲಿ ಕಳುಹಿಸಿದ ಈ ಪ್ರಬಂಧ ಜರ್ಮನಿಯ ಭೌತ ರಸಾಯನಶಾಸ್ತ್ರದ ಪತ್ರಿಕೆಯಲ್ಲಿ 1918ರಲ್ಲಿ ಅಚ್ಚಾಯಿತು. ಅದೇನೂ ದೊಡ್ಡ ಗ್ರಂಥವಲ್ಲ, ಕೆಲವೇ ಪುಟಗಳ ಬರಹ. ಅದರಿಂದ ಮುಂದೆ ಏನಾಗಲಿದೆ ಎಂಬುದನ್ನು ಅಂದು ಬರೆದವರೂ ಊಹಿಸಿರಲಾರರು.

1917ರಲ್ಲಿ ಅವರು ಫ್ರಾಂಕ್‌ಫರ್ಟ್ ನಗರಕ್ಕೆ ಹೋಗಿ ಒಂದು ದೊಡ್ಡ ಲೋಹೋದ್ಯಮದ ಪ್ರಯೋಗಶಾಲೆಯನ್ನು ಕಟ್ಟಿದರು. ಅವರಿಗೆ ಹಣವನ್ನೂ ಖ್ಯಾತಿಯನ್ನೂ ತಂದದ್ದು ಹರಳಲ್ಲ, ರೈಲು. ರೈಲುಗಾಡಿಯ ಅಚ್ಚು ತಿರುಗುವ ಬೇರಿಂಗಿಗೆ ತವರ ಬೆರೆತ ಮಿಶ್ರಲೋಹ ಬೇಕಾಗುತ್ತಿತ್ತು. ತವರವೋ ದುಬಾರಿ, ಹೊರದೇಶದಿಂದ ಬರಬೇಕಾದದ್ದು. ಸೀಸಕ್ಕೆ ಕ್ಯಾಲ್ಸಿಯಂ, ಸೋಡಿಯಂ, ಲಿಥಿಯಂಗಳನ್ನು ಅತ್ಯಲ್ಪವಾಗಿ ಬೆರೆಸಿ, ತವರವೇ ಇಲ್ಲದ ಬೇರಿಂಗ್ ಲೋಹವನ್ನು ಅವರು ರೂಪಿಸಿದರು. 1924ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಜರ್ಮನಿಯ ರೈಲ್ವೆ ಅದನ್ನು ಬಳಕೆಗೆ ತಂದಿತು. ಜರ್ಮನಿಯ ಲೋಹವಿಜ್ಞಾನ ಸಂಘವನ್ನು ಸ್ಥಾಪಿಸಿದವರಲ್ಲಿ ಒಬ್ಬರಾಗಿ ಮುಂದೆ ಅದರ ಅಧ್ಯಕ್ಷರೂ ಆದರು. ಅಮೆರಿಕದ ಹೆನ್ರಿ ಫೋರ್ಡ್ ಅವರಿಂದಲೂ ದೊಡ್ಡ ಹುದ್ದೆಯ ಕರೆ ಬಂದಿತು, ಅದನ್ನು ಒಪ್ಪಲಿಲ್ಲ. ಪ್ರಮಾಣಪತ್ರವಿಲ್ಲದ ಬಡಗಿಯ ಮಗ ಈ ಎತ್ತರಕ್ಕೆ ಏರಿದ್ದು ಸಾಮಾನ್ಯವೇನಲ್ಲ.

ಈ ನಡುವೆ 1918ರಲ್ಲಿ ಪೋಲೆಂಡ್ ಮತ್ತೆ ಸ್ವತಂತ್ರವಾಗಿತ್ತು. ಅದರ ರಾಷ್ಟ್ರಾಧ್ಯಕ್ಷರಾಗಿದ್ದ ಇಗ್ನಾತ್ಸಿ ಮೊಶ್ಚಿಟ್ಸ್ಕಿ ಸ್ವತಃ ರಸಾಯನಶಾಸ್ತ್ರಜ್ಞರು. ಹೊಸ ದೇಶವನ್ನು ಕಟ್ಟಲು ವಿಜ್ಞಾನಿಗಳು ಬೇಕೆಂದು ಅವರು ಚೊಖ್ರಾಲ್ಸ್ಕಿಯವರನ್ನು ಕರೆದರು. ಇವರು ಜರ್ಮನಿಯ ಸಿರಿ, ಸ್ಥಾನ ಎರಡನ್ನೂ ಬಿಟ್ಟು 1920ರ ದಶಕದ ಕೊನೆಯಲ್ಲಿ ವಾರ್ಸಾಕ್ಕೆ ಬಂದರು. 1929ರಲ್ಲಿ ವಾರ್ಸಾ ತಾಂತ್ರಿಕ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. ಪ್ರಾಧ್ಯಾಪಕ ಪೀಠವೂ ದೊರೆಯಿತು. ಅವರ ಮನೆಯಲ್ಲಿ ಸಾಹಿತಿಗಳೂ ಕಲಾವಿದರೂ ಸೇರುತ್ತಿದ್ದರು. ಶೋಪ್ಯಾನ್ ಹುಟ್ಟಿದ ಮನೆಯ ಜೀರ್ಣೋದ್ಧಾರಕ್ಕೂ, ಬಿಸ್ಕುಪಿನ್ ಎಂಬಲ್ಲಿ ನಡೆದ ಪ್ರಾಚೀನ ನೆಲೆಯ ಉತ್ಖನನಕ್ಕೂ ಕೈಯಿಂದ ಹಣ ಕೊಟ್ಟರು. ಹುಟ್ಟೂರಿನಲ್ಲಿ ಮನೆ ಕಟ್ಟಿಸಿ ಅದಕ್ಕೆ ಹೆಂಡತಿಯ ಹೆಸರನ್ನು ನೆನಪಿಸುವಂತೆ ಮಾರ್ಗೊವೋ ಎಂದು ಹೆಸರಿಟ್ಟರು.

ಸಿರಿಯಿದ್ದಲ್ಲಿ ಅಸೂಯೆಯೂ ಇರುತ್ತದೆ. ಹೊರಗಿನಿಂದ ಬಂದವರು, ಕ್ರಮವಾದ ಪದವಿಯಿಲ್ಲದವರು, ಸೈನ್ಯಕ್ಕೂ ಸರಕಾರಕ್ಕೂ ಹತ್ತಿರದವರು ಎಂದು ಸಹೋದ್ಯೋಗಿಗಳಲ್ಲಿ ಕೆಲವರಿಗೆ ಅವರನ್ನು ಕಂಡರಾಗುತ್ತಿರಲಿಲ್ಲ. ಪ್ರಾಧ್ಯಾಪಕರೊಬ್ಬರು ಹೊರಿಸಿದ ಆಪಾದನೆಗಳು ನ್ಯಾಯಾಲಯದವರೆಗೆ ಹೋದವು. ಅಲ್ಲಿ ಚೊಖ್ರಾಲ್ಸ್ಕಿಯವರೇ ಗೆದ್ದರು. ಆದರೆ ನ್ಯಾಯಾಲಯದಲ್ಲಿ ಗೆದ್ದವನು ಜನರ ನಾಲಗೆಯ ಮೇಲೂ ಗೆಲ್ಲುತ್ತಾನೆಂಬ ಭರವಸೆಯಿಲ್ಲ.

1939ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಸೇನೆ ಪೋಲೆಂಡಿನ ಮೇಲೆ ಬಿದ್ದಿತು. ವಿಶ್ವವಿದ್ಯಾನಿಲಯಗಳು ಮುಚ್ಚಿದವು. ಚೊಖ್ರಾಲ್ಸ್ಕಿಯವರು ಜರ್ಮನರ ಅನುಮತಿ ಪಡೆದು ತಮ್ಮ ಸಂಸ್ಥೆಯನ್ನು ಲೋಹಪರೀಕ್ಷೆಯ ಕಾರ್ಯಾಲಯವಾಗಿ ನಡೆಸಿದರು. ಹೊರಗಿನಿಂದ ನೋಡಿದವರಿಗೆ ಕಂಡದ್ದು ಇಷ್ಟು: ಜರ್ಮನ್ ಮಾತಾಡುವ, ಜರ್ಮನಿಯಲ್ಲಿ ಬಾಳಿದ್ದ ಪ್ರಾಧ್ಯಾಪಕರು ಜರ್ಮನರ ಆಡಳಿತದಲ್ಲಿ ಕೆಲಸ ಮಾಡುತ್ತಿದ್ದಾರೆ. ಒಳಗೆ ನಡೆದದ್ದು ಬೇರೆ. ಆ ಕಾರ್ಯಾಲಯದ ಕೆಲಸದ ಚೀಟಿಯಿಂದ ಅನೇಕರ ಜೀವ ಉಳಿಯಿತು. ಗೆಸ್ಟಾಪೋ ಹಿಡಿದವರನ್ನು ಬಿಡಿಸಲು ಅವರು ತಮಗಿದ್ದ ಪ್ರಭಾವವನ್ನು ಬಳಸಿದರು. ಪೋಲೆಂಡಿನ ಭೂಗತ ಸೇನೆಯ ಗುಪ್ತಚಾರ ವಿಭಾಗಕ್ಕೆ ಸಮಾಚಾರವನ್ನು ಒದಗಿಸಿದರು. ಇಂಥ ಕೆಲಸಕ್ಕೆ ರಸೀದಿ ಇರುವುದಿಲ್ಲ. ಗುಟ್ಟು ಬಯಲಾದರೆ ಮರಣ. ಗುಟ್ಟಾಗಿಯೇ ಉಳಿದರೆ ಮುಂದೆ ಸಾಕ್ಷಿಯಿಲ್ಲ.

1945ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಹೊಸ ಅಧಿಕಾರಿಗಳು ಅವರನ್ನು ಶತ್ರುವಿನೊಡನೆ ಸಹಕರಿಸಿದವರೆಂದು ಬಂಧಿಸಿದರು. ಕೆಲವು ತಿಂಗಳು ಸೆರೆಯಲ್ಲಿಟ್ಟು ವಿಚಾರಣೆ ನಡೆಸಿ, ಆಧಾರವಿಲ್ಲವೆಂದು ಆಗಸ್ಟಿನಲ್ಲಿ ಬಿಟ್ಟರು. ಕಾನೂನಿನ ದೃಷ್ಟಿಯಲ್ಲಿ ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯದ ಸೆನೆಟ್ ಅವರನ್ನು ಮರಳಿ ಪ್ರಾಧ್ಯಾಪಕರಾಗಿ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಗೌರವ ಡಾಕ್ಟರೇಟ್ ಕೊಟ್ಟ ಕೈಯೇ ಬಾಗಿಲನ್ನು ಮುಚ್ಚಿತು.

ಅರವತ್ತು ವರ್ಷದ ಚೊಖ್ರಾಲ್ಸ್ಕಿಯವರು ಕ್ತ್ಸಿನಿಯಾಕ್ಕೆ ಹಿಂದಿರುಗಿದರು. ಅಲ್ಲಿ ಬಿಯೊನ್ ಎಂಬ ಸಣ್ಣ ಕಾರ್ಖಾನೆಯನ್ನು ತೆರೆದು ಸೌಂದರ್ಯದ್ರವ್ಯಗಳು, ಮನೆಬಳಕೆಯ ರಾಸಾಯನಿಕಗಳು, ನೆಗಡಿಯ ಪುಡಿ ಮುಂತಾದುವನ್ನು ತಯಾರಿಸತೊಡಗಿದರು. ಔಷಧದ ಅಂಗಡಿಯಲ್ಲಿ ಆರಂಭವಾದ ಬಾಳು ಔಷಧದ ಪುಡಿಗೇ ಬಂದು ನಿಂತಿತು. ಆದರೂ ಅವರು ಕೈಕಟ್ಟಿ ಕೂರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಅವರ ಶೋಧಕ್ಕಿಂತ ಈ ನೆಗಡಿಯ ಪುಡಿಯೇ ಹೆಚ್ಚು ನೆನಪಾಗುತ್ತದೆ.

ಇತ್ತ ಕ್ತ್ಸಿನಿಯಾದಲ್ಲಿ ಹೀಗಿರಲು, ಅತ್ತ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಅವರ ಹಳೆಯ ವಿಧಾನ ಮರುಹುಟ್ಟು ಪಡೆಯುತ್ತಿತ್ತು. 1947ರ ಡಿಸೆಂಬರಿನಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಮೊದಲ ಟ್ರಾನ್ಸಿಸ್ಟರನ್ನು ರಚಿಸಿದರು. ಅದಕ್ಕೆ ಬಳಸಿದ ಜರ್ಮೇನಿಯಂ ಹಲವು ಹರಳುಗಳ ರಾಶಿ. ಒಂದು ಟ್ರಾನ್ಸಿಸ್ಟರಿನಂತೆ ಇನ್ನೊಂದು ನಡೆಯುತ್ತಿರಲಿಲ್ಲ. ಒಂದೇ ಹರಳಿನ ಜರ್ಮೇನಿಯಂ ಬೇಕೆಂದು ಗಾರ್ಡನ್ ಟೀಲ್ ಎಂಬ ರಸಾಯನಶಾಸ್ತ್ರಜ್ಞರು ಹಟ ಹಿಡಿದರು. ಮೇಲಿನವರು ಮೊದಲು ಕಿವಿಗೊಡಲಿಲ್ಲ. ಜಾನ್ ಲಿಟ್ಲ್ ಎಂಬ ಇಂಜಿನಿಯರೊಡನೆ ಸೇರಿ 1948ರಲ್ಲಿ ಟೀಲ್, ಕರಗಿದ ಜರ್ಮೇನಿಯಂನಿಂದ ಹರಳನ್ನು ಮೇಲಕ್ಕೆಳೆದು ತೋರಿಸಿದರು.

ಅನಂತರದ ಹೆಜ್ಜೆ ಇನ್ನೂ ಸೊಗಸಾದದ್ದು. ಅಪ್ಪಟ ಜರ್ಮೇನಿಯಂ ವಿದ್ಯುತ್ತಿನ ಮಟ್ಟಿಗೆ ಹೆಚ್ಚು ಉಪಯೋಗಕ್ಕೆ ಬಾರದು. ಅದಕ್ಕೆ ಬೇರೊಂದು ಧಾತುವನ್ನು ಅತಿ ಸ್ವಲ್ಪ, ಕೆಲವೊಮ್ಮೆ ಹತ್ತು ಲಕ್ಷ ಪರಮಾಣುಗಳಿಗೆ ಒಂದರಂತೆ, ಬೆರೆಸಬೇಕು. ಆಂಟಿಮನಿ ಬೆರೆತರೆ ಓಡಾಡುವ ಎಲೆಕ್ಟ್ರಾನುಗಳು ಹೆಚ್ಚುತ್ತವೆ; ಗ್ಯಾಲಿಯಂ ಬೆರೆತರೆ ಎಲೆಕ್ಟ್ರಾನು ಇರಬೇಕಾದಲ್ಲಿ ತೆರಪು ಉಳಿಯುತ್ತದೆ. ಮೊದಲನೆಯದು ಋಣ ಜಾತಿ, ಎರಡನೆಯದು ಧನ ಜಾತಿ. ಹಾಲಿಗೆ ನೀರು ಬೆರೆಸಿದರೆ ಕಲಬೆರಕೆ. ಇಲ್ಲಿ ಅಳತೆಯರಿತು ಮಾಡಿದ ಬೆರಕೆಯೇ ಗುಣ. ಟೀಲ್ ಮತ್ತು ಮಾರ್ಗನ್ ಸ್ಪಾರ್ಕ್ಸ್ ಹರಳನ್ನು ಎಳೆಯುತ್ತಿರುವಾಗಲೇ ದ್ರವಕ್ಕೆ ಮೊದಲು ಗ್ಯಾಲಿಯಂ ಬೆರೆತ ಗುಳಿಗೆಯನ್ನು ಹಾಕಿದರು. ತುಸು ಹೊತ್ತಿಗೆ ಆಂಟಿಮನಿ ಬೆರೆತ ಗುಳಿಗೆಯನ್ನು ಹಾಕಿದರು. ಹರಳು ಬೆಳೆಯುತ್ತ ಬೆಳೆಯುತ್ತ ಋಣ, ಧನ, ಋಣ ಎಂದು ಮೂರು ಪದರವಾಯಿತು. ನಡುವಿನ ಪದರವನ್ನು ಬಹು ತೆಳುವಾಗಿ ಉಳಿಸುವುದೇ ಇದರ ಜಾಣ್ಮೆ. ಆ ಪದರಗಳಿಂದ ವಿಲಿಯಂ ಶಾಕ್ಲಿ ಅವರ ಸಂಧಿ ಟ್ರಾನ್ಸಿಸ್ಟರು ಸಿದ್ಧವಾಗಿ 1951ರಲ್ಲಿ ಲೋಕಕ್ಕೆ ತಿಳಿಯಿತು. ಸಿಲಿಕಾನ್ ಹರಳೂ ಹೀಗೆಯೇ ಬೆಳೆಯಿತು. 1954ರಲ್ಲಿ ಸಿಲಿಕಾನ್ ಟ್ರಾನ್ಸಿಸ್ಟರು ಮಾರುಕಟ್ಟೆಗೆ ಬಂದಿತು.

ಅದನ್ನು ನೋಡಲು ಚೊಖ್ರಾಲ್ಸ್ಕಿಯವರು ಇರಲಿಲ್ಲ. 1953ರ ವಸಂತದಲ್ಲಿ ರಹಸ್ಯ ಪೊಲೀಸರು ಅವರ ಮನೆಯನ್ನು ಶೋಧಿಸಿದರು. ಅದರ ಆಘಾತದಿಂದ ಹೃದಯ ಕುಸಿಯಿತು. ಏಪ್ರಿಲ್ 22ರಂದು ಪೊಜ್ನಾನ್ ನಗರದಲ್ಲಿ ಪ್ರಾಣಬಿಟ್ಟರು. ಕ್ತ್ಸಿನಿಯಾದ ಹಳೆಯ ಸ್ಮಶಾನದಲ್ಲಿ ಅವರನ್ನು ಮಣ್ಣುಮಾಡಿದರು. ಆ ಸಮಾಧಿಯ ಮೇಲೆ ಅವರ ಹೆಸರು ಮೂಡಿದ್ದು 1998ರಲ್ಲಿ.

ಆ ನಲವತ್ತೈದು ವರ್ಷಗಳಲ್ಲಿ ಅವರ ವಿಧಾನ ಜಗತ್ತನ್ನೇ ಬದಲಾಯಿಸಿತು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿಯೂ 1960ರ ದಶಕದಲ್ಲಿ ಜರ್ಮೇನಿಯಂ ಅರೆವಾಹಕ ಸಾಧನಗಳ ತಯಾರಿಕೆ ನಡೆಯಿತು. ಇಂದು ಸ್ಫಟಿಕಶಿಲೆಯ ಮೂಸೆಯಲ್ಲಿ ಸಿಲಿಕಾನನ್ನು 1414 ಡಿಗ್ರಿಗಿಂತ ಮೇಲೆ ಕಾಯಿಸಿ ಕರಗಿಸುತ್ತಾರೆ. ಆರ್ಗಾನ್ ಅನಿಲದ ಕಾವಲಿನಲ್ಲಿ, ಬೀಜದ ಹರಳನ್ನು ತಿರುಗಿಸುತ್ತ ನಿಮಿಷಕ್ಕೆ ಮಿಲಿಮೀಟರಿನ ಲೆಕ್ಕದಲ್ಲಿ ಎಳೆಯುತ್ತಾರೆ. 300 ಮಿಲಿಮೀಟರ್ ಅಡ್ಡಳತೆಯ, ಆಳೆತ್ತರವನ್ನು ಮೀರಿದ ಕಂಬ ಬೆಳೆಯುತ್ತದೆ. ಅದನ್ನು ಮಿಲಿಮೀಟರಿಗಿಂತ ತೆಳುವಾದ ಬಿಲ್ಲೆಗಳಾಗಿ ಕೊಯ್ಯುತ್ತಾರೆ. 1960ರಲ್ಲಿ ಬೆಲ್ ಪ್ರಯೋಗಶಾಲೆಯವರು ಇನ್ನೊಂದು ಹೆಜ್ಜೆ ಇಟ್ಟರು. ಬಿಸಿ ಬಿಲ್ಲೆಯ ಮೇಲೆ ಸಿಲಿಕಾನ್ ಅನಿಲವನ್ನೂ ಅದರೊಡನೆ ಬೆರಕೆಯ ಅನಿಲವನ್ನೂ ಹಾಯಿಸಿದರೆ, ಕೆಳಗಿನ ಹರಳಿನ ಸಾಲನ್ನೇ ಅನುಸರಿಸಿ ಹೊಸದೊಂದು ತೆಳುಪದರ ಬೆಳೆಯುತ್ತದೆ. ಪದರದ ಮೇಲೆ ಪದರ, ಒಂದೊಂದಕ್ಕೂ ಬೇರೆ ಬೇರೆ ಬೆರಕೆ. ಮೇಲಿನ ಪದರ ಎಷ್ಟೇ ತೆಳುವಾಗಿರಲಿ, ಅದು ನೆಟ್ಟಗೆ ಬೆಳೆಯಬೇಕಾದರೆ ಕೆಳಗಿನ ಹರಳು ನೆಟ್ಟಗಿರಬೇಕು. ತಳಪಾಯ ಚೊಖ್ರಾಲ್ಸ್ಕಿಯವರದು.

ಇನ್ನು ಆ ಗಂಟಿನ ವಿಷಯ. ಅವರ ಮೇಲಿನ ಕಳಂಕ ಸುಮ್ಮನೆ ಅಳಿಯಲಿಲ್ಲ. ಪೋಲೆಂಡಿನ ಸ್ಫಟಿಕವಿಜ್ಞಾನಿಗಳು ವರ್ಷಗಟ್ಟಲೆ ಕಾಗದಪತ್ರಗಳನ್ನು ಹುಡುಕಿದರು. ಕೊನೆಗೆ ವಾರ್ಸಾದ ಪತ್ರಾಗಾರದಲ್ಲಿ ದೊರೆತ ದಾಖಲೆಗಳು ಭೂಗತ ಸೇನೆಯ ಗುಪ್ತಚಾರ ವಿಭಾಗಕ್ಕೆ ಅವರು ನೆರವಾಗಿದ್ದನ್ನು ತೋರಿಸಿದವು. 2011ರ ಜೂನ್ 29ರಂದು, ಅಂದು ಬಾಗಿಲು ಮುಚ್ಚಿದ್ದ ಅದೇ ಸೆನೆಟ್ ಅವರ ಗೌರವವನ್ನು ಮರಳಿಸಿತು. ಪೋಲೆಂಡಿನ ಸಂಸತ್ತು 2013ನೆಯ ವರ್ಷವನ್ನು ಅವರ ಹೆಸರಿಗೆ ಮೀಸಲಿಟ್ಟಿತು.

ತಡವಾಗಿ ಬಂದ ಈ ನ್ಯಾಯದಿಂದ ಸತ್ತವರಿಗೇನು ಲಾಭವೆಂದು ಕೇಳಬಹುದು. ನನಗೆ ತೋರುವುದು ಹೀಗೆ. ನ್ಯಾಯ ಸತ್ತವರಿಗಾಗಿ ಮಾತ್ರವಲ್ಲ, ತೀರ್ಪು ಕೊಟ್ಟವರಿಗಾಗಿಯೂ ಬೇಕು. 1945ರ ಸೆನೆಟ್ಟಿನವರು ಹೊರಗೆ ಕಂಡದ್ದನ್ನು ಕಂಡು, ಊರ ಮಾತನ್ನು ನಂಬಿ, ನ್ಯಾಯಾಲಯ ಬಿಟ್ಟವರನ್ನು ತಾವು ಬಿಡಲಿಲ್ಲ. ದೇಶ ನೊಂದಿದ್ದ ಕಾಲವದು, ಸಿಟ್ಟಿಗೆ ಕಾರಣವಿತ್ತು. ಆದರೆ ಸಿಟ್ಟು ಸಾಕ್ಷಿಯಲ್ಲ. ಇಂದು ಒಂದು ಗಳಿಗೆಯಲ್ಲಿ ಒಬ್ಬರ ಹೆಸರಿಗೆ ಮಸಿ ಬಳಿಯುವ ಸಾಧನ ನಮ್ಮ ಕೈಯಲ್ಲಿಯೇ ಇದೆ. ಅದರ ಒಳಗಿರುವ ಹರಳೋ ಅದೇ ಚೊಖ್ರಾಲ್ಸ್ಕಿಯವರ ವಿಧಾನದಲ್ಲಿ ಬೆಳೆದದ್ದು. ಸಹಪಾಠಿಗಳೇ, ಹರಳಿಗೆ ಆತುರ ಸಲ್ಲದು. ಬೇಗ ಎಳೆದರೆ ಎಳೆ ಕಡಿಯುತ್ತದೆ. ಮನುಷ್ಯರ ವಿಷಯದ ತೀರ್ಪಿಗೂ ಅದೇ ಮಾತು ಸಲ್ಲುತ್ತದೆ.